ಸುಲಭವಾದದ್ದು ದಾರಿ, ಬೆಟ್ಟವಲ್ಲ

ಮೈಲಾರದ ಜಾತ್ರೆಗೆ ಬಂದವರೆಲ್ಲರೂ ಡೆಂಕನ ಮರಡಿಯನ್ನು ಕಂಡಿರುತ್ತಾರೆ. ಭರತ ಹುಣ್ಣಿಮೆಯ ಸುಮಾರಿಗೆ ಅಲ್ಲಿ ಲಕ್ಷಾಂತರ ಜನ ನೆರೆಯುತ್ತಾರೆ. ಗೊರವಯ್ಯನು ಎತ್ತರದ ಬಿಲ್ಲನ್ನೇರಿ ಕಾರಣಿಕದ ಒಂದು ವಾಕ್ಯವನ್ನು ನುಡಿಯುವಾಗ ಅಷ್ಟೂ ಜನರ ಗದ್ದಲ ಕ್ಷಣಕಾಲ ನಿಂತುಹೋಗುತ್ತದೆ. ಮರಡಿ ಎಂದರೆ ದಿಬ್ಬ, ಬೆಟ್ಟವಲ್ಲ. ತುಂಗಭದ್ರೆಯ ದಡದ ಈ ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಎತ್ತರವೆಂಬುದರ ಮೊದಲ ಪರಿಚಯವಾಗುವುದು ಇಂಥ ಮರಡಿಗಳಿಂದಲೇ. ಸಮುದ್ರಮಟ್ಟದಿಂದ ಸುಮಾರು ೫೦೦ ಮೀಟರ್ ಎತ್ತರದ ಈ ನೆಲದಲ್ಲಿ ಕುಳಿತು ಅವರು ಪುಸ್ತಕದಲ್ಲಿ ಹಿಮಾಲಯವನ್ನು ಓದುತ್ತಾರೆ, ಮೊಬೈಲಿನಲ್ಲಿ ಫ್ಯೂಜಿ ಪರ್ವತವನ್ನು ನೋಡುತ್ತಾರೆ; ಬೆಟ್ಟವನ್ನು ಕಾಲಿನಿಂದ ಅರಿತವರು ಬಹಳ ಕಡಮೆ.

ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ಜ್ವಾಲಾಮುಖಿಗಳ ಪಾಠ ಮುಗಿಸಿದ ದಿನ ಹುಡುಗನೊಬ್ಬ ಎದ್ದು ಕೇಳಿದ: "ಸರ, ಜಪಾನಿನ ಫ್ಯೂಜಿ ಗುಡ್ಡಕ್ಕ ಅರ್ಧ ದಾರಿತನಕ ಬಸ್ಸು ಹೋಗತೈತಂತ. ಹಂಗಾರ ಯಾರು ಬೇಕಾದ್ರೂ ಹತ್ತಬಹುದಲ್ರೀ?" ಅವನ ಮಾತು ಮುಗಿಯುವ ಮೊದಲೇ ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಅಷ್ಟು ದೂರ ಯಾಕ್ರೀ ಸರ, ನಮ್ಮ ಮುಳ್ಳಯ್ಯನಗಿರಿಗೂ ರೋಡ್ ಐತಿ. ಅದೂ ಜ್ವಾಲಾಮುಖಿನ ಅಂತ ಹೇಳ್ತಾರ" ಎಂದಳು. ನಾನು ಆಗ ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಗಂಟೆ ಹೊಡೆಯಿತು, ಮಕ್ಕಳು ಹೊರಗೆ ಓಡಿದರು. ಈ ಲೇಖನ ಆ ಇಬ್ಬರಿಗೆ ನಾನು ಕೊಡಬೇಕಾಗಿರುವ ಉತ್ತರ.

ಮೊದಲನೆಯವನ ಮಾತಿನಲ್ಲಿ ಒಂದು ತಪ್ಪು ಅಡಗಿದೆ. ಅದು ಅವನೊಬ್ಬನ ತಪ್ಪಲ್ಲ. ನಮ್ಮ ಕಾಲದ ತಪ್ಪು. ಸುಲಭವೆಂಬ ಗುಣ ದಾರಿಗೆ ಸೇರಿದ್ದು, ಬೆಟ್ಟಕ್ಕೆ ಸೇರಿದ್ದಲ್ಲ. ಬಸ್ಸು ಹೋದ ಮಾತ್ರಕ್ಕೆ ಬೆಟ್ಟದ ಗಾಳಿ ದಟ್ಟವಾಗುವುದಿಲ್ಲ, ಮಳೆ ಬೆಚ್ಚಗಾಗುವುದಿಲ್ಲ, ಸಿಡಿಲು ಮೃದುವಾಗುವುದಿಲ್ಲ. ಆದುದರಿಂದ ಹೊಸಬರು ತಮ್ಮ ಮೊದಲ ಬೆಟ್ಟವನ್ನು ಕಾಲ್ನಡಿಗೆಯಿಂದಲೇ ಏರಬೇಕೆಂದೂ, ಅದಕ್ಕೆ ಮುಳ್ಳಯ್ಯನಗಿರಿಗಿಂತ ಒಳ್ಳೆಯ ಪಾಠಶಾಲೆ ನಮ್ಮ ನಾಡಿನಲ್ಲಿ ಇಲ್ಲವೆಂದೂ ನಾನು ನಂಬಿದ್ದೇನೆ. ಹೀಗೆ ಹೇಳುವುದಕ್ಕೆ ಕಾರಣಗಳುಂಟು.

ಸುಲಭವಾದ ದಾರಿ ಏನು ಮಾಡಬಲ್ಲದೆಂಬುದಕ್ಕೆ ಜಪಾನಿನದೇ ಒಂದು ಉದಾಹರಣೆ ಕೊಡುತ್ತೇನೆ. ಆ ದೇಶದಲ್ಲಿ ಆನ್‌ಟಾಕೆ ಎಂಬ ಅಗ್ನಿಪರ್ವತವಿದೆ. ಎತ್ತರ ೩,೦೬೭ ಮೀಟರ್. ಹೊಸಬರಿಗೂ ವಯಸ್ಸಾದವರಿಗೂ ತಕ್ಕ ಬೆಟ್ಟವೆಂದು ಅದು ಹೆಸರಾಗಿತ್ತು. ತಂತಿಯ ಮೇಲೆ ತೂಗುವ ತೊಟ್ಟಿಲುಗಾಡಿ ಯಾತ್ರಿಕರನ್ನು ಎರಡು ಸಾವಿರ ಮೀಟರಿಗೂ ಮೇಲಕ್ಕೆ ಒಯ್ದು ಬಿಡುತ್ತಿತ್ತು. ೨೦೧೪ರ ಸೆಪ್ಟೆಂಬರ್ ೨೭, ಶನಿವಾರ. ಆಕಾಶ ತಿಳಿಯಾಗಿತ್ತು, ಎಲೆಗಳು ಬಣ್ಣ ತಾಳಿದ್ದವು, ನೂರಾರು ಜನ ತುದಿಯ ಬಳಿ ಕುಳಿತು ಬುತ್ತಿ ಬಿಚ್ಚುವ ಹೊತ್ತು. ಎಚ್ಚರಿಕೆಯ ಮಟ್ಟ ಅತ್ಯಂತ ಕೆಳಗಿನದಾಗಿತ್ತು. ನಡುಹಗಲಿಗೆ ಕೆಲವೇ ನಿಮಿಷಗಳಿರುವಾಗ ಬೆಟ್ಟ ಸಿಡಿಯಿತು. ಹೊರಬಂದದ್ದು ಕೆಂಪಾದ ಲಾವಾರಸವಲ್ಲ. ನೆಲದೊಳಗಿನ ನೀರು ಕೆಳಗಿನ ಕಾವಿಗೆ ಹಬೆಯಾಗಿ, ಹೊರದಾರಿಯಿಲ್ಲದೆ, ಬಂಡೆಗಳನ್ನೇ ಒಡೆದು ಎಸೆಯಿತು. ಇಂಥ ಹಬೆಸ್ಫೋಟಕ್ಕೆ ಮುನ್ಸೂಚನೆ ಬಹಳ ಕಡಮೆ. ಆ ದಿನ ಸತ್ತವರೂ ಕಾಣೆಯಾದವರೂ ಸೇರಿ ೬೩ ಮಂದಿ. ೨೦೨೩ರ ಡಿಸೆಂಬರಿನಲ್ಲಿ ಸುಮಾತ್ರದ ಮರಾಪಿ ಪರ್ವತ ಸಿಡಿದಾಗಲೂ ಇಪ್ಪತ್ತಕ್ಕಿಂತ ಹೆಚ್ಚು ಚಾರಣಿಗರು ಮಡಿದರು, ಅವರಲ್ಲಿಯೂ ವಿದ್ಯಾರ್ಥಿಗಳಿದ್ದರು.

ಹಾಗಾದರೆ ಮುಳ್ಳಯ್ಯನಗಿರಿಯೂ ಒಂದು ದಿನ ಸಿಡಿದೀತೆ? ಹುಡುಗಿಯ ಮಾತಿಗೆ ಉತ್ತರ ಹೇಳಬೇಕಾದದ್ದು ಇಲ್ಲಿ. ಸಿಡಿಯುವುದಿಲ್ಲ, ಏಕೆಂದರೆ ಅದು ಜ್ವಾಲಾಮುಖಿಯಲ್ಲ. ಆದರೆ ಅವಳ ಮಾತು ಪೂರ್ತಿ ಸುಳ್ಳೂ ಅಲ್ಲ. ಆ ಬೆಟ್ಟಸಾಲಿನ ಒಡಲಲ್ಲಿ ಲಾವಾ ಇದೆ, ಬೇಕಾದಷ್ಟಿದೆ.

ಚಿಕ್ಕಮಗಳೂರಿನ ಬಳಿಯ ಬಾಬಾಬುಡನ್ ಗಿರಿಶ್ರೇಣಿ ಬಿಲ್ಲಿನಂತೆ ಬಾಗಿದೆ. ಆ ಆಕಾರದಿಂದಲೇ ಚಂದ್ರದ್ರೋಣವೆಂಬ ಹೆಸರು ಬಂದಿದೆ. ಬಾಗಿದ ಸಾಲನ್ನು ಕಂಡು ಇದು ಹಳೆಯ ಅಗ್ನಿಪರ್ವತದ ಬಾಯಿಯ ಅಂಚು ಎಂದು ಹೇಳುವವರುಂಟು. ಜೀಪಿನ ಚಾಲಕನೊಬ್ಬ ನನಗೆ ಆ ಬಾಯಿಯನ್ನು ಬೆರಳು ಮಾಡಿ ತೋರಿಸಿಯೂ ಇದ್ದಾನೆ. ಕಥೆ ಚೆನ್ನಾಗಿದೆ, ಕಲ್ಲುಗಳು ಮಾತ್ರ ಬೇರೆಯೇ ಹೇಳುತ್ತವೆ.

ಈ ಶ್ರೇಣಿಯ ಶಿಲೆಗಳನ್ನು ಬುಡದಿಂದ ಮೇಲಕ್ಕೆ ಓದಬೇಕು. ಎಲ್ಲಕ್ಕಿಂತ ಕೆಳಗೆ ನಮ್ಮ ಬಯಲುಸೀಮೆಯ ಬಂಡೆಗಳಂಥ ಹಳೆಯ ಪಟ್ಟೆಗಲ್ಲು. ಅದರ ಮೇಲೆ ಬೆಣಚುಕಲ್ಲಿನ ಗುಂಡುಗಳು ಸೇರಿ ಗಟ್ಟಿಯಾದ ಪದರ. ಅದು ಹಿಂದೊಮ್ಮೆ ನೀರು ಹರಿದ ಗುರುತು. ಅದರ ಮೇಲೆ ಲಾವಾ ಹರಿವು. ಮತ್ತೆ ಮರಳು ನಿಂತು ಗಟ್ಟಿಯಾದ ಬೆಣಚುಶಿಲೆ, ಮತ್ತೆ ಲಾವಾ. ಮರಳಿನ ಪದರಗಳಲ್ಲಿ ಅಲೆಯ ಗುರುತು ಇಂದಿಗೂ ಕಾಣಿಸುತ್ತದೆ. ಮೈಲಾರದ ಹೊಳೆಯಲ್ಲಿ ನೀರಿಳಿದಾಗ ಮರಳಿನ ಮೇಲೆ ಮೂಡುವ ಗೆರೆಗಳಂತೆಯೇ. ಅಂದರೆ ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ನೀರು ಬಂದು ಮರಳು ಹಾಸಿ ಹೋಗುವಷ್ಟು ಕಾಲ ಕಳೆದಿತ್ತು. ಭೂವಿಜ್ಞಾನಿಗಳು ಈ ಪದರಗಳ ಗುಂಪುಗಳಿಗೆ ಅಲ್ಲಿಯ ಊರುಗಳ ಹೆಸರನ್ನೇ ಇಟ್ಟಿದ್ದಾರೆ: ಕಳಸಾಪುರ, ಅಲ್ಲಂಪುರ, ಸಂತವೇರಿ. ಎಲ್ಲಕ್ಕಿಂತ ಮೇಲಿನ ಗುಂಪಿಗೆ ಮುಳ್ಳಯ್ಯನಗಿರಿಯ ಹೆಸರು.

ಲಾವಾ ಎಂದು ಗುರುತಿಸುವುದು ಹೇಗೆ? ಕರಗಿದ ಶಿಲಾರಸ ಹೊರಬಂದಾಗ ಅದರೊಳಗಿನ ಅನಿಲ ಗುಳ್ಳೆಗಳಾಗಿ ಮೇಲೇರುತ್ತದೆ. ಸೋಡಾ ಬುಡ್ಡಿಯ ಮುಚ್ಚಳ ತೆಗೆದಾಗ ಆಗುವಂತೆಯೇ. ಶಿಲಾರಸ ಬೇಗ ಗಟ್ಟಿಯಾದರೆ ಗುಳ್ಳೆಗಳು ಸಿಕ್ಕಿಬೀಳುತ್ತವೆ. ಮುಂದೆ ಆ ಪೊಳ್ಳುಗಳಲ್ಲಿ ಬಿಳಿಯ ಖನಿಜಗಳು ತುಂಬಿಕೊಳ್ಳುತ್ತವೆ. ಕಪ್ಪು-ಹಸಿರು ಕಲ್ಲಿನಲ್ಲಿ ಬಾದಾಮಿಯಷ್ಟು ಗಾತ್ರದ ಬಿಳಿಯ ಚುಕ್ಕೆಗಳನ್ನು ಕಂಡರೆ ನೀವು ಆ ಗುಳ್ಳೆಗಳನ್ನೇ ನೋಡುತ್ತಿದ್ದೀರಿ ಎಂದು ತಿಳಿಯಿರಿ. ಕಲ್ಲು ಹಸಿರಾದದ್ದು, ಹೂತುಹೋಗಿ ಒತ್ತಡ ಕಾವುಗಳಿಗೆ ಸಿಕ್ಕಿ ಅದರ ಖನಿಜಗಳೇ ಬದಲಾದುದರಿಂದ.

ವಯಸ್ಸೆಷ್ಟು? ಕೆಳಗಿನ ಲಾವಾ ಶಿಲೆಗಳಿಗೆ ಸುಮಾರು ೨೯೦ ಕೋಟಿ ವರ್ಷ. ಮೇಲಿನ ಪದರಗಳ ನಡುವೆ ಜ್ವಾಲಾಮುಖಿಯ ಬೂದಿಯೂ ಸೇರಿಕೊಂಡಿದೆ. ಆ ಬೂದಿಯಲ್ಲಿ ಜಿರ್ಕಾನ್ ಎಂಬ ಖನಿಜದ ಸಣ್ಣ ಹರಳುಗಳುಂಟು. ಹರಳಿನೊಳಗಿನ ಯುರೇನಿಯಂ ಗಡಿಯಾರದಷ್ಟು ನಿಯಮದಿಂದ ಸೀಸವಾಗಿ ಮಾರ್ಪಡುತ್ತದೆ. ಎಷ್ಟು ಪಾಲು ಮಾರ್ಪಟ್ಟಿದೆ ಎಂದು ಅಳೆದರೆ ವಯಸ್ಸು ಸಿಕ್ಕಿತು: ಸುಮಾರು ೨೭೦ ಕೋಟಿ ವರ್ಷ. ಬೆಳಗಾವಿ, ವಿಜಯಪುರಗಳಿಂದ ಮಹಾರಾಷ್ಟ್ರದವರೆಗೆ ಹಾಸಿರುವ ದಖ್ಖನ್ನಿನ ಕರಿಗಲ್ಲೂ ಲಾವಾ ಶಿಲೆಯೇ. ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ ಕಳಸೂಬಾಯಿ ಆ ಕಲ್ಲಿನದು. ಅದರ ವಯಸ್ಸು ಆರೂವರೆ ಕೋಟಿ ವರ್ಷದ ಆಸುಪಾಸು. ಬಾಬಾಬುಡನ್ನಿನ ಲಾವಾ ಅದಕ್ಕಿಂತ ನಲವತ್ತು ಪಟ್ಟು ಹಳೆಯದು. ಇಷ್ಟು ಕಾಲ ಉಳಿದ ಜ್ವಾಲಾಮುಖಿಯ ಬಾಯಿ ಭೂಮಿಯ ಮೇಲೆ ಎಲ್ಲಿಯೂ ಇಲ್ಲ.

ಇನ್ನು ತುದಿಯ ಮಾತು. ಮುಳ್ಳಯ್ಯನಗಿರಿಯ ಹೆಸರು ಹೊತ್ತ ಆ ಮೇಲಿನ ಗುಂಪು ಲಾವಾದ್ದಲ್ಲ. ಅದು ಪಟ್ಟೆಪಟ್ಟೆಯಾದ ಕಬ್ಬಿಣಶಿಲೆ: ಒಂದು ಗೆರೆ ಕಬ್ಬಿಣದ ಆಕ್ಸೈಡು, ಒಂದು ಗೆರೆ ಸಿಲಿಕ. ಸೊಂಡೂರಿನ ಗುಡ್ಡಗಳಿಂದ ಬರುವ ಲಾರಿಗಳ ಕೆಂಪು ಧೂಳನ್ನು ಉಸಿರಾಡಿ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಈ ಶಿಲೆಯ ಪರಿಚಯ ಬೇರೆ ಹೇಳಬೇಕಾಗಿಲ್ಲ. ಅಲ್ಲಿಯೂ ಹಳೆಯ ಲಾವಾ, ಅದರೊಡನೆ ಕಬ್ಬಿಣದ ಪಟ್ಟೆಗಳು. ಇಂಥ ಶಿಲೆಗಳನ್ನೆಲ್ಲ ಒಟ್ಟುಗೂಡಿಸಿ ಅವಕ್ಕೆ ಧಾರವಾಡದ ಹೆಸರು ಕೊಟ್ಟವರು ರಾಬರ್ಟ್ ಬ್ರೂಸ್ ಫೂಟ್. ೧೮೮೦ರ ದಶಕದ ಮಾತು. ಬಳ್ಳಾರಿ ಜಿಲ್ಲೆಯನ್ನು ಸುತ್ತಿ ಅವರು ಬರೆದ ಗ್ರಂಥ ೧೮೯೫ರಲ್ಲಿ ಹೊರಬಂತು. ೧೯೩೦ರ ದಶಕದಲ್ಲಿ ಸಿ. ಎಸ್. ಪಿಚ್ಚಮುತ್ತು ಅವರು ಬಾಬಾಬುಡನ್ನಿನ ಕಬ್ಬಿಣಶಿಲೆಗಳನ್ನು ಕೂಲಂಕಷವಾಗಿ ಅಭ್ಯಸಿಸಿದರು. ಬೆಟ್ಟದ ಮೇಲೆ ನಡೆಯದೆ ಈ ಇಬ್ಬರಲ್ಲಿ ಯಾರೂ ಒಂದು ಸಾಲನ್ನೂ ಬರೆಯುವಂತಿರಲಿಲ್ಲ.

ಕಬ್ಬಿಣದ ಪಟ್ಟೆಗಳು ನಿಂತದ್ದು ಸಮುದ್ರದ ತಳದಲ್ಲಿ. ಆಗಿನ ವಾತಾವರಣದಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಮೆ. ಆಮ್ಲಜನಕವಿಲ್ಲದ ನೀರಿನಲ್ಲಿ ಕಬ್ಬಿಣ ಕರಗಿಯೇ ಇರುತ್ತದೆ. ತುಕ್ಕಾಗಿ ತಳಕ್ಕಿಳಿಯುವುದು ಆಮೇಲೆ. ಗಾಳಿಯಲ್ಲಿ ಆಮ್ಲಜನಕ ಗಣನೀಯವಾಗಿ ಹೆಚ್ಚಿದ್ದು ಸುಮಾರು ೨೪೦ ಕೋಟಿ ವರ್ಷಗಳ ಹಿಂದೆ. ಹೀಗಾಗಿ, ಕೊನೆಯ ಮೆಟ್ಟಿಲುಗಳನ್ನು ಏರಿ ಏದುಸಿರು ಬಿಡುತ್ತ ನಾವು ಕೈಯೂರುವ ಕಲ್ಲು, ಉಸಿರಾಡಲು ಯೋಗ್ಯವಾದ ಗಾಳಿಯೇ ಇಲ್ಲದ ಕಾಲದಲ್ಲಿ ಹುಟ್ಟಿದ್ದು. ಮುಂದೆ ಈ ಪದರಗಳೆಲ್ಲ ಮಡಿಸಿಕೊಂಡವು. ಸುತ್ತಲಿನ ಮೆದು ಕಲ್ಲು ಕೋಟ್ಯಂತರ ವರ್ಷಗಳ ಮಳೆಗಾಳಿಗೆ ಸವೆದುಹೋಯಿತು. ಗಟ್ಟಿಯಾದ ಕಬ್ಬಿಣದ ಪಟ್ಟೆ ಸವೆಯದೆ ಎತ್ತರದಲ್ಲಿ ಉಳಿಯಿತು. ಫ್ಯೂಜಿ ಬೆಳೆದು ನಿಂತ ಬೆಟ್ಟ. ಮುಳ್ಳಯ್ಯನಗಿರಿ ಸವೆದು ಉಳಿದ ಬೆಟ್ಟ. ಜೀಪಿನ ಕಿಟಕಿಯಿಂದ ಇವೆರಡರ ವ್ಯತ್ಯಾಸ ಕಾಣುವುದಿಲ್ಲ. ಗಂಟೆಗೆ ಎರಡು ಕಿಲೋಮೀಟರಿನ ವೇಗದಲ್ಲಿ, ನಡುನಡುವೆ ಕುಳಿತು ಕಲ್ಲನ್ನು ಕೈಯಲ್ಲಿ ಹಿಡಿದವನಿಗೆ ಕಂಡೀತು.

ಶಿಲೆಯ ವಿಚಾರವನ್ನು ಇಷ್ಟು ಬೆಳೆಸಿದ್ದಕ್ಕೆ ವಾಚಕರು ಕ್ಷಮಿಸಬೇಕು, ಅಧ್ಯಾಪಕನ ಚಾಳಿ. ಈಗ ದೇಹದ ವಿಚಾರಕ್ಕೆ ಬರೋಣ.

ಮುಳ್ಳಯ್ಯನಗಿರಿಯ ಎತ್ತರ ಸುಮಾರು ೧,೯೩೦ ಮೀಟರ್. ಕರ್ನಾಟಕದಲ್ಲಿ ಇದಕ್ಕಿಂತ ಎತ್ತರವಾದ ಶಿಖರವಿಲ್ಲ. ಸಾವಿರ ಮೀಟರ್ ಏರಿದರೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಮೈಲಾರಕ್ಕಿಂತ ಆ ತುದಿ ಸಾವಿರದ ನಾನೂರು ಮೀಟರಿಗೂ ಮೇಲಿರುವುದರಿಂದ ವ್ಯತ್ಯಾಸ ಒಂಬತ್ತು ಡಿಗ್ರಿಯಷ್ಟಾಗುತ್ತದೆ. ಇದರ ಮೇಲೆ ಗಾಳಿ, ಮಂಜು. ವಾಯುಭಾರವೂ ಇಳಿಯುತ್ತದೆ: ಸಮುದ್ರಮಟ್ಟದ ಗಾಳಿಯ ಒತ್ತಡವನ್ನು ನೂರೆಂದು ಹಿಡಿದರೆ ಮೈಲಾರದಲ್ಲಿ ಸುಮಾರು ೯೪, ಮುಳ್ಳಯ್ಯನಗಿರಿಯ ತುದಿಯಲ್ಲಿ ೭೯, ಫ್ಯೂಜಿಯ ತುದಿಯಲ್ಲಿ ೬೩. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿಯೂ ನೂರಕ್ಕೆ ಇಪ್ಪತ್ತೊಂದೇ. ಆದರೆ ಒತ್ತಡ ಇಳಿದಷ್ಟೂ ಒಂದು ಉಸಿರಿಗೆ ಒಳಗೆ ಬರುವ ಆಮ್ಲಜನಕ ಕಡಮೆಯಾಗುತ್ತದೆ. ಎತ್ತರದ ಕಾಯಿಲೆ ಎಂಬ ತಲೆನೋವು, ವಾಕರಿಕೆ, ತಲೆಸುತ್ತು ಸಾಮಾನ್ಯವಾಗಿ ೨,೫೦೦ ಮೀಟರಿನ ಮೇಲೆ ತೊಡಗುತ್ತವೆ. ನಮ್ಮ ಬೆಟ್ಟ ಆ ಗೆರೆಯ ಕೆಳಗಿದೆ. ಎತ್ತರದ ಪರಿಣಾಮವನ್ನು ಎದೆಬಡಿತದಲ್ಲಿ ಗುರುತಿಸುವಷ್ಟು ಮೇಲೆ, ಅದರಿಂದ ಕಾಯಿಲೆ ಬೀಳದಷ್ಟು ಕೆಳಗೆ. ಹೊಸಬನಿಗೆ ಇದಕ್ಕಿಂತ ತಕ್ಕ ಎತ್ತರ ಯಾವುದು?

ಫ್ಯೂಜಿಯ ಬಸ್ಸಿನಲ್ಲಿರುವ ಅಪಾಯವೂ ಇದೇ ಲೆಕ್ಕದಿಂದ ತಿಳಿಯುತ್ತದೆ. ೩,೭೭೬ ಮೀಟರಿನ ಆ ಪರ್ವತದಲ್ಲಿ ಬಸ್ಸು ಯಾತ್ರಿಕನನ್ನು ೨,೩೦೦ ಮೀಟರಿಗೆ ಕೆಲವೇ ಗಂಟೆಗಳಲ್ಲಿ ತಂದು ಇಳಿಸುತ್ತದೆ. ಸೂರ್ಯೋದಯ ನೋಡುವ ಆಸೆಯಿಂದ ಅವನು ನಿದ್ದೆಗೆಟ್ಟು ರಾತ್ರಿಯೆಲ್ಲ ಏರುತ್ತಾನೆ. ಹೊಸ ಎತ್ತರಕ್ಕೆ ಹೊಂದಿಕೊಳ್ಳಲು ದೇಹಕ್ಕೆ ಬೇಕಾದ ಸಮಯವನ್ನೇ ಬಸ್ಸು ಕಿತ್ತುಕೊಂಡಿರುತ್ತದೆ. ೨೦೨೪ರಲ್ಲಿ ಯಮನಾಶಿ ಪ್ರಾಂತದವರು ತಮ್ಮ ಕಡೆಯ ದಾರಿಗೆ ಬಾಗಿಲು ಹಾಕಿ, ದಿನಕ್ಕೆ ನಾಲ್ಕು ಸಾವಿರ ಜನರ ಮಿತಿ ಗೊತ್ತುಮಾಡಿ, ಬೆಟ್ಟದ ಮನೆಗಳಲ್ಲಿ ತಂಗುವ ಏರ್ಪಾಡಿಲ್ಲದವರು ರಾತ್ರಿ ಏರದಂತೆ ತಡೆದದ್ದು ಸುಮ್ಮನೆ ಅಲ್ಲ.

ಇಷ್ಟೆಲ್ಲ ಹೇಳುವ ನಾನು ಒಮ್ಮೆ ಇದೇ ತಪ್ಪನ್ನು ಮಾಡಿದವನು. ಹಲವು ವರ್ಷಗಳ ಹಿಂದೆ, ಬೇರೊಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ, ಮಕ್ಕಳ ಪ್ರವಾಸವನ್ನು ಮುಳ್ಳಯ್ಯನಗಿರಿಗೆ ಕರೆದೊಯ್ದಿದ್ದೆ. ಅಕ್ಟೋಬರ್ ತಿಂಗಳು. ಊರು ಬಿಡುವಾಗ ಬಿಸಿಲು ಸುಡುತ್ತಿತ್ತು. ಬೆಚ್ಚನೆಯ ಉಡುಪು ತನ್ನಿರೆಂದು ಒಬ್ಬರಿಗೂ ಹೇಳಿರಲಿಲ್ಲ. ರಸ್ತೆ ಮೇಲಿನತನಕ ಇದೆಯಲ್ಲ, ಇಳಿದು ನೋಡಿ ಬರುವುದಷ್ಟೇ ಎಂಬ ಭಾವನೆ. ಮಧ್ಯಾಹ್ನ ಮೂರು ದಾಟಿದ ಮೇಲೆ ಜೀಪುಗಳು ನಮ್ಮನ್ನು ಮೆಟ್ಟಿಲಿನ ಬುಡಕ್ಕೆ ಬಿಟ್ಟವು. ಮಕ್ಕಳು ಪಂದ್ಯ ಕಟ್ಟಿ ಮೆಟ್ಟಿಲುಗಳನ್ನು ಓಡಿ ಹತ್ತಿದರು. ಬೆವರಿದರು. ತುದಿ ಮುಟ್ಟುವ ಹೊತ್ತಿಗೆ ಮೋಡ ಕವಿಯಿತು, ಗಾಳಿಯೊಡನೆ ಮಳೆ ಬಂತು. ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಎಣಿಸಿದಾಗ ಒಬ್ಬ ಕಡಮೆ. ಹುಡುಕಿದರೆ ಗೋಡೆಯ ಮರೆಯಲ್ಲಿ ಕುಳಿತಿದ್ದ. ಹಲ್ಲು ಕಟಕಟಿಸುತ್ತಿತ್ತು, ಹೆಸರು ಕೇಳಿದರೆ ನಾಲಿಗೆ ತೊದಲುತ್ತಿತ್ತು, ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಜಾರಿ ಬಿದ್ದದ್ದು ಅವನಿಗೆ ತಿಳಿದಿರಲಿಲ್ಲ. ನಾನು ನನ್ನ ಅಂಗವಸ್ತ್ರವನ್ನು ಅವನಿಗೆ ಸುತ್ತಹೊರಟೆ. ಗುಡಿಗೆ ಬಂದಿದ್ದ ಮಲೆನಾಡಿನ ಅಜ್ಜಿಯೊಬ್ಬರು ನನ್ನನ್ನು ತಡೆದು, "ಮೊದ್ಲು ಆ ಒದ್ದೆ ಅಂಗಿ ತೆಗೀರಿ ಮೇಷ್ಟ್ರೇ, ಆಮೇಲೆ ಹೊದಿಸಿ" ಎಂದು ತಾವು ಹೊದ್ದಿದ್ದ ಕಂಬಳಿಯನ್ನು ಬಿಚ್ಚಿಕೊಟ್ಟರು. ಪ್ರಥಮ ಚಿಕಿತ್ಸೆಯ ಪುಸ್ತಕಗಳಲ್ಲಿ ಬರೆದಿರುವುದೂ ಅದನ್ನೇ. ಅರ್ಧ ಗಂಟೆಯಲ್ಲಿ ಹುಡುಗ ಚೇತರಿಸಿಕೊಂಡ. ಅಜ್ಜಿ ಇಲ್ಲದಿದ್ದರೆ ಏನಾಗುತ್ತಿತ್ತೆಂದು ನಾನು ಇಂದಿಗೂ ಯೋಚಿಸಲಾರೆ.

ಅಂದು ಉಷ್ಣತೆ ಸೊನ್ನೆಯ ಹತ್ತಿರ ಇರಲಿಲ್ಲ; ಹದಿನಾರೋ ಹದಿನೇಳೋ ಡಿಗ್ರಿ ಇದ್ದಿರಬೇಕು. ಆದರೆ ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಕಾವನ್ನು ಸಾಗಿಸುತ್ತದೆ. ಬೆವರಿನಿಂದಲೂ ಮಳೆಯಿಂದಲೂ ನೆನೆದ ಹತ್ತಿಯ ಅಂಗಿ ಮೈಯ ಬಿಸಿಯನ್ನು ಹೀರಿ ಗಾಳಿಗೆ ಕೊಡುತ್ತಲೇ ಇರುತ್ತದೆ. ಉಣ್ಣೆ ಹಾಗಲ್ಲ, ಅದರ ಸುರುಳಿಗೂದಲಿನ ನಡುವೆ ಗಾಳಿ ಸಿಕ್ಕಿರುವುದರಿಂದ ಸ್ವಲ್ಪ ನೆನೆದರೂ ಬೆಚ್ಚಗಿಡುತ್ತದೆ. ನಮ್ಮ ಗೊರವಯ್ಯಂದಿರ ಕರಿಯ ಕಂಬಳಿಯನ್ನು ಜಾತ್ರೆಯಲ್ಲಿ ಕಂಡು ನಗುವ ಕಾಲೇಜಿನ ತರುಣರು, ಪೇಟೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ತರುವ ಬೆಟ್ಟದ ಉಡುಪಿನ ತತ್ತ್ವ ಆ ಕಂಬಳಿಯಲ್ಲಿಯೇ ಇದೆಯೆಂಬುದನ್ನು ಗಮನಿಸಬೇಕು.

ಆ ದಿನ ನಾವು ಬುಡದಿಂದ ನಡೆದು ಬಂದಿದ್ದರೆ ಏನಾಗುತ್ತಿತ್ತು? ಬೆಳಿಗ್ಗೆಯೇ ಹೊರಡಬೇಕಾಗುತ್ತಿತ್ತು. ಮೋಡ ಕಟ್ಟುವುದನ್ನು ಎರಡು ಗಂಟೆ ಮುಂಚೆಯೇ ಕಾಣುತ್ತಿದ್ದೆವು. ಗಾಳಿ ತಣ್ಣಗಾಗುತ್ತ ಬರುವುದನ್ನು ಮೈ ಹೆಜ್ಜೆಹೆಜ್ಜೆಗೂ ಹೇಳುತ್ತಿತ್ತು. ಯಾರು ದುರ್ಬಲರು, ಯಾರ ಚಪ್ಪಲಿ ಹರಿದಿದೆ, ಯಾರು ನೀರು ತಂದಿಲ್ಲ ಎಂಬುದು ಮೊದಲ ಅರ್ಧ ಗಂಟೆಯಲ್ಲಿ ಗೊತ್ತಾಗಿ, ಬೇಕಾದರೆ ಅಲ್ಲಿಂದಲೇ ಹಿಂದಿರುಗುತ್ತಿದ್ದೆವು. ನಡಿಗೆ ಬೆಟ್ಟವನ್ನು ಕಷ್ಟಮಾಡುತ್ತದೆ ಎನ್ನುತ್ತಾರೆ. ನನ್ನ ಅನುಭವದಲ್ಲಿ ಅದು ಬೆಟ್ಟವನ್ನು ಪ್ರಾಮಾಣಿಕವಾಗಿ ತೋರಿಸುತ್ತದೆ, ಅಷ್ಟೇ.

ರಸ್ತೆಯೇ ಬೇಡವೆಂದು ನಾನು ವಾದಿಸುತ್ತಿಲ್ಲ. ಮಂಡಿ ನೋವಿನ ತಾಯಂದಿರೂ, ಕಾಲಿಲ್ಲದವರೂ, ಗುಡಿಯ ಹರಕೆ ಹೊತ್ತ ಮುದುಕರೂ ಆ ರಸ್ತೆಯಿಂದ ಮೇಲೆ ಬಂದು ಬೆಟ್ಟವನ್ನು ಕಾಣುತ್ತಾರೆ. ಅವರಿಂದ ಅದನ್ನು ಕಸಿಯುವ ಹಕ್ಕು ಯಾರಿಗೂ ಇಲ್ಲ. ಹದಿನಾರು ವರ್ಷದ ಗಟ್ಟಿ ಕಾಲುಗಳು ಅದೇ ಜೀಪಿನಲ್ಲಿ ಕುಳಿತು ಅವರ ಜಾಗವನ್ನು ಆಕ್ರಮಿಸುವುದು ನನಗೆ ಒಪ್ಪಿಗೆಯಿಲ್ಲ. ರಜೆಯ ದಿನಗಳಲ್ಲಿ ಆ ಇಕ್ಕಟ್ಟಾದ ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುವುದನ್ನು ಕಂಡವರಿಗೆ ೨೦೨೫ರಲ್ಲಿ ಜಿಲ್ಲಾಡಳಿತ ವಾಹನಗಳ ಸಂಖ್ಯೆಗೆ ಮಿತಿಯನ್ನೂ ಮುಂಗಡ ನೋಂದಣಿಯನ್ನೂ ಏಕೆ ತರಬೇಕಾಯಿತೆಂದು ವಿವರಿಸಬೇಕಾಗಿಲ್ಲ. ಆ ಇಳಿಜಾರಿನ ಹುಲ್ಲುಗಾವಲೂ ಕಣಿವೆಯ ಶೋಲಾ ಕಾಡೂ ಮಳೆಯ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ತೊಟ್ಟಿಗಳು. ಗಿರಿಶ್ರೇಣಿಯ ಪಡುವಣ ಹಳ್ಳಗಳ ನೀರು ಭದ್ರೆಯನ್ನು ಸೇರಿ, ಕೂಡಲಿಯಲ್ಲಿ ತುಂಗೆಯೊಡನೆ ಬೆರೆತು, ಮೈಲಾರದ ಮುಂದೆಯೇ ಹರಿದುಹೋಗುತ್ತದೆ. ಅಲ್ಲಿ ಹುಲ್ಲು ತುಳಿದು ಹಾಳಾದರೆ ಇಲ್ಲಿ ಹೊಳೆಗೆ ಸಂಬಂಧವಿಲ್ಲವೆನ್ನುವಂತಿಲ್ಲ.

ನಮ್ಮ ಶಾಲೆ-ಕಾಲೇಜುಗಳ ಪ್ರವಾಸಕ್ರಮವೂ ಬದಲಾಗಬೇಕು. ನಾಲ್ಕು ದಿನಗಳಲ್ಲಿ ಹದಿನಾಲ್ಕು ಊರು, ರಾತ್ರಿಯೆಲ್ಲ ಬಸ್ಸು, ಪ್ರತಿಯೊಂದು ಸ್ಥಳದಲ್ಲಿ ಇಪ್ಪತ್ತು ನಿಮಿಷ. ಹಿಂದಿರುಗಿದ ಮಕ್ಕಳಿಗೆ ನೆನಪಿರುವುದು ಬಸ್ಸಿನ ಹಾಡು ಮಾತ್ರ. ಅದರ ಬದಲು ಒಂದು ಬೆಟ್ಟ, ಎರಡು ದಿನ ಸಾಲದೆ? ಹೋಗುವ ಮೊದಲು ತಿಂಗಳ ಕಾಲ ಹೊಳೆಯ ದಂಡೆಯಲ್ಲಿ ಬೆಳಗಿನ ನಡಿಗೆ. ಬೆನ್ನಿಗೆ ಎರಡು ಲೀಟರ್ ನೀರು ಹೊತ್ತು ನಡೆಯುವ ಅಭ್ಯಾಸ. ಆಮೇಲೆ ಹೊಳೆಯ ಆಚೆ ಮುಂಡರಗಿಯ ಕಡೆಯ ಕಪ್ಪತಗುಡ್ಡ. ಚಿತ್ರದುರ್ಗದಿಂದ ಹೊರಟು ತುಂಗಭದ್ರೆಯನ್ನು ದಾಟಿ ಗದಗಿನತ್ತ ಸಾಗುವ ಪ್ರಾಚೀನ ಶಿಲಾಪಟ್ಟಿಗೆ ಸೇರಿದ ಗುಡ್ಡವದು. ಅಲ್ಲಿಯೂ ಹಳೆಯ ಲಾವಾಶಿಲೆಗಳುಂಟು. ಈಗ ವನ್ಯಜೀವಿಧಾಮವಾಗಿರುವುದರಿಂದ ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಹೋಗಬೇಕು. ಚಿಕ್ಕಮಗಳೂರಿಗೆ ಹೋಗುವಾಗ ಸ್ವಲ್ಪ ಬಳಸಿದರೆ ಚಿತ್ರದುರ್ಗ ಜಿಲ್ಲೆಯ ಐಮಂಗಲದ ಬಳಿ ಮರಡಿಹಳ್ಳಿ ಸಿಕ್ಕುತ್ತದೆ. ಅಲ್ಲಿ ನೀರಿನೊಳಗೆ ಹರಿದ ಲಾವಾ ದಿಂಬುಗಳನ್ನು ಒಟ್ಟಿದಂತೆ ಗಟ್ಟಿಯಾಗಿದೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಲಾಗಿದೆ. ಮರಡಿಯಿಂದ ಹೊರಟವರು ಮರಡಿಹಳ್ಳಿಯನ್ನು ನೋಡಿ ಗಿರಿಗೆ ಹೋಗಲಿ.

ಬೆಟ್ಟಕ್ಕೆ ಕಾಲ ನವೆಂಬರಿನಿಂದ ಜನವರಿ. ಮಳೆಗಾಲದಲ್ಲಿ ಜಾರಿಕೆ, ಇಂಬಳ. ಫೆಬ್ರವರಿ ಕಳೆದರೆ ಒಣಹುಲ್ಲಿಗೆ ಬೆಂಕಿ ಬೀಳುವ ಭಯ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನಗಳಲ್ಲಿ ಸಿಡಿಲು. ಬೋಳು ಗುಡ್ಡದ ಏಣಿನ ಮೇಲೆ ನಿಂತವನೇ ಆ ಸೀಮೆಗೆಲ್ಲ ಎತ್ತರದ ವಸ್ತು ಎಂಬುದನ್ನು ಸಿಡಿಲು ಮರೆಯುವುದಿಲ್ಲ. ಗುಡುಗು ಕೇಳಿಸಿದೊಡನೆ ಇಳಿಯತಕ್ಕದ್ದು, ತುದಿ ಎಷ್ಟೇ ಹತ್ತಿರವಿರಲಿ. ಉಳಿದದ್ದನ್ನು ನಿಮ್ಮ ಅಜ್ಜಿಯರೇ ಹೇಳಿಯಾರು: ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ, ಒಂದು ಒಣ ಅಂಗಿ, ಒಂದು ಕಂಬಳಿ.

ಕಳೆದ ಡಿಸೆಂಬರಿನಲ್ಲಿ ಹದಿನಾಲ್ಕು ಮಕ್ಕಳೊಡನೆ ಸರ್ಪದಾರಿಯಿಂದ ಏರಿದೆವು. ಮೂರು-ನಾಲ್ಕು ಕಿಲೋಮೀಟರಿನ ಏರು. ನಮಗೆ ಮೂರು ಗಂಟೆ ಹಿಡಿಯಿತು, ಕಲ್ಲು ನೋಡುವವರಿಗೆ ಅದು ಹೆಚ್ಚಲ್ಲ. ಫ್ಯೂಜಿಯ ವಿಚಾರ ಕೇಳಿದ್ದ ಹುಡುಗ ಮೊದಲ ಏರಿನಲ್ಲಿ ಎಲ್ಲರಿಗಿಂತ ಮುಂದೆ ಓಡಿ, ಎರಡನೆಯ ಏರಿನಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದ. ಮೂರನೆಯದರಲ್ಲಿ ನಡಿಗೆಯನ್ನು ಉಸಿರಿಗೆ ಹೊಂದಿಸಿಕೊಳ್ಳಲು ಕಲಿತಿದ್ದ, ನಾನು ಹೇಳಿಕೊಟ್ಟದ್ದಲ್ಲ. ಹುಡುಗಿ ಕಪ್ಪು-ಹಸಿರು ಕಲ್ಲೊಂದನ್ನು ತಿರುಗಿಸಿ ತಿರುಗಿಸಿ ಬಿಳಿಯ ಚುಕ್ಕೆಗಳನ್ನು ಎಣಿಸಿ ಹನ್ನೊಂದು ಎಂದಳು, ಮತ್ತೆ ಅದನ್ನು ಇದ್ದಲ್ಲಿಯೇ ಇಟ್ಟಳು. ತುದಿಯಲ್ಲಿ ನೀರು ಕುಡಿದು ಖಾಲಿಯಾದ ಒಂದು ಪ್ಲಾಸ್ಟಿಕ್ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, "ಇದನ್ನು ಊರಿನತನಕ ಯಾರೂ ತೆಗೆಯಕೂಡದು" ಎಂದು ಹೇಳಿ ಚೀಲದಲ್ಲಿ ಹಾಕಿದೆ.

ಮಾರನೆಯ ಸಂಜೆ ಮೈಲಾರದ ಹೊಳೆಯ ದಂಡೆಯಲ್ಲಿ ಬಸ್ಸು ನಿಂತಾಗ ಚೀಲ ಬಿಚ್ಚಿ ನೋಡಿದೆವು. ಯಾರೂ ತುಳಿದಿರಲಿಲ್ಲ, ಯಾರೂ ಹಿಂಡಿರಲಿಲ್ಲ. ಬಾಟಲಿಯ ಪಕ್ಕೆಗಳು ಒಳಕ್ಕೆ ಸೆಳೆದುಕೊಂಡು ಹಸಿದವನ ಹೊಟ್ಟೆಯಂತಾಗಿದ್ದವು. ಹುಡುಗ ಮುಚ್ಚಳವನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದ. ಸುಯ್ ಎಂದು ಗಾಳಿ ಒಳಗೆ ನುಗ್ಗಿತು. ಬಾಟಲಿ ಟಕ್ಕನೆ ಮೈ ತುಂಬಿಕೊಂಡಿತು. "ಸರ, ಗುಡ್ಡದ ಗಾಳಿ ಇಷ್ಟ ತೆಳ್ಳಗಿತ್ತನ್ರೀ?" ಎಂದವನು ಮತ್ತೆ ಮುಚ್ಚಳ ಹಾಕಿ, ಅದನ್ನು ಮನೆಗೆ ಒಯ್ಯಲು ಅನುಮತಿ ಕೇಳಿದ.